ಬ್ಯಾಟನ್ನು ಕಾರಿನಲ್ಲಿಟ್ಟ ಗಳಿಗೆ

ದಿಕ್ಸೂಚಿ ಭಾಷಣಕ್ಕೆ ಲೆಕ್ಕಪರಿಶೋಧಕನನ್ನು ಕರೆದಿದ್ದೀರಿ. ತೆರಿಗೆಯ ಮಾತು ಬರುತ್ತದೆಂದು ಹೆದರಬೇಡಿ.

2024ರ ನವೆಂಬರ್ 3ರಂದು ನಮ್ಮ ಪಕ್ಕದ ಬ್ರಾಂಪ್ಟನ್‌ನಲ್ಲಿ ಹಿಂದೂ ಸಭಾ ಮಂದಿರದ ಬಳಿ ಹೊಡೆದಾಟವಾಯಿತು. ಮರುದಿನ ಅಲ್ಲಿ ಮತ್ತೆ ಜನ ಸೇರಿದರು. ಗುಂಪಿನಲ್ಲಿ ಆಯುಧಗಳು ಕಂಡವೆಂದು ಪೀಲ್ ಪೊಲೀಸರು ಅದನ್ನು ಅಕ್ರಮ ಕೂಟವೆಂದು ಘೋಷಿಸಿ ಚದುರಿಸಿದರು. ಆ ವಾರ ಇಲ್ಲೇ ಮೆಡೋವೇಲ್‌ನಲ್ಲಿರುವ, ವರ್ಕ್ ಪರ್ಮಿಟ್ ಮೇಲೆ ಬಂದ ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ: "ಅಂಕಲ್, ಮುಂದಿನ ಸಲ ಕಾರಲ್ಲಿ ಒಂದು ಬೇಸ್‌ಬಾಲ್ ಬ್ಯಾಟ್ ಇಟ್ಕೊಂಡು ಹೋಗ್ತೀನಿ. ಯಾರಾದ್ರೂ ಮೈಮೇಲೆ ಬಂದ್ರೆ ಮಾತ್ರ ತೆಗೀತೀನಿ. ಅದು ತಪ್ಪಾ?"

ನಾನು ವಕೀಲನಲ್ಲ. ಆದರೂ ಓದಿದೆ. ಕೆನಡಾದ ದಂಡಸಂಹಿತೆಯ 89ನೇ ಕಲಂ ಪ್ರಕಾರ ನ್ಯಾಯವಾದ ಕಾರಣವಿಲ್ಲದೆ ಆಯುಧ ಹಿಡಿದು ಸಾರ್ವಜನಿಕ ಸಭೆಗೆ ಹೋಗುವುದು ಅಪರಾಧ. ಸಭೆಯ ದಾರಿಯಲ್ಲಿದ್ದರೂ ಅಪರಾಧವೇ. ಬ್ಯಾಟು ಆಯುಧವೇ? ಗಾಯ ಮಾಡಲು, ಹೆದರಿಸಲು ಎಂದು ಇಟ್ಟುಕೊಂಡದ್ದೆಲ್ಲ ಆಯುಧ. ನಮ್ಮ ವೃತ್ತಿಯಲ್ಲೂ ಹೀಗೆಯೇ. ಒಂದೇ ಕಾರು ಷೋರೂಮಿನವನ ಪುಸ್ತಕದಲ್ಲಿ ದಾಸ್ತಾನು, ಕೊಂಡವನ ಪುಸ್ತಕದಲ್ಲಿ ಸ್ಥಿರಾಸ್ತಿ. ವಸ್ತು ಬದಲಾಗಿಲ್ಲ, ಉದ್ದೇಶ ಬದಲಾಗಿದೆ.

ಆತ್ಮರಕ್ಷಣೆಯ ಹಕ್ಕು ಎಲ್ಲ ಕಡೆಯೂ ಉಂಟು. ಜಗಳವಿರುವುದು ಲೆಕ್ಕವನ್ನು ಯಾವ ಗಳಿಗೆಯಿಂದ ಶುರು ಮಾಡಬೇಕು ಎಂಬಲ್ಲಿ. ನಮ್ಮ ದೇಶದ ಒಂದು ಹಳೆಯ ಮೊಕದ್ದಮೆ ಕೇಳಿ. 1970ರ ಜೂನ್‌ನಲ್ಲಿ ಉತ್ತರ ಪ್ರದೇಶದ ಬದಾಯೂಂ ಮಾರುಕಟ್ಟೆಯಲ್ಲಿ ಒಂದು ಬುಟ್ಟಿ ಕರ್ಬೂಜಕ್ಕೆ ಮಾತಿಗೆ ಮಾತು ಬೆಳೆಯಿತು. ಕೊಳ್ಳಲು ಬಂದವನು ಹೊರಟುಹೋಗಿ, ಸುಮಾರು ಒಂದು ಗಂಟೆಯ ಮೇಲೆ ಮೂವರು ಮಕ್ಕಳೊಂದಿಗೆ ತಿರುಗಿ ಬಂದ. ಒಬ್ಬ ಮಗನ ಕೈಯಲ್ಲಿ ಬಂದೂಕು. ಮಾರುಕಟ್ಟೆಯ ಗುತ್ತಿಗೆದಾರ ಗುಂಡೇಟಿಗೆ ಸತ್ತ. ನಮ್ಮನ್ನೇ ಹೊಡೆಯಲು ಬಂದರು ಎಂಬುದು ಅವರ ವಾದ. 1974ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಜಗಳ ಹುಡುಕಿಕೊಂಡು ಆಯುಧ ಸಮೇತ ಹೋದವನಿಗೆ ರಕ್ಷಣೆಯ ಹಕ್ಕೆಲ್ಲಿಯದು? ನಡುವೆ ಕಳೆದ ಆ ಒಂದು ಗಂಟೆಯೇ ಲೆಕ್ಕದ ಮೊದಲ ಸಾಲಾಯಿತು.

ಕೆನಡಾ 2013ರಲ್ಲಿ ತನ್ನ ಆತ್ಮರಕ್ಷಣೆಯ ಕಾನೂನನ್ನು ತಿದ್ದಿ, ಘಟನೆಯಲ್ಲಿ ಆರೋಪಿಯ ಪಾತ್ರವೇನು ಎಂಬುದನ್ನೂ ತೂಗಬೇಕೆಂದಿತು. ಅದರ ಪರೀಕ್ಷೆ ಹ್ಯಾಮಿಲ್ಟನ್ ಬಳಿಯ ಖಿಲ್ ಪ್ರಕರಣ. 2016ರ ಫೆಬ್ರವರಿಯ ಒಂದು ನಡುರಾತ್ರಿ ಮನೆಯ ಮುಂದಿನ ತನ್ನ ಟ್ರಕ್ಕಿನಲ್ಲಿ ಯಾರೋ ಇದ್ದಾರೆಂದು ಆತ ಪೊಲೀಸರನ್ನು ಕರೆಯದೆ ಷಾಟ್‌ಗನ್ ತುಂಬಿಕೊಂಡು ಹೊರಗೆ ಹೋದ. ಸತ್ತವನ ಬಳಿ ಬಂದೂಕಿರಲಿಲ್ಲ. ಮೊದಲು ಬಿಡುಗಡೆಯಾಯಿತು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ಗುಂಡು ಹಾರಿಸಿದ ಕ್ಷಣವಷ್ಟೇ ಅಲ್ಲ, ಬಾಗಿಲು ದಾಟಿದ್ದನ್ನೂ ನೋಡಿ ಎಂದು ಹೊಸ ವಿಚಾರಣೆಯ ಆದೇಶವನ್ನು ಎತ್ತಿಹಿಡಿಯಿತು. ಕೊನೆಗೆ ಜೈಲು ಸಜೆ.

ಮರುತಿಂಗಳೇ ಗಡಿಯಾಚೆ ಕೆನೋಶಾದ ತೀರ್ಪು. 2020ರ ಆಗಸ್ಟ್‌ನ ಗಲಭೆಯ ನಡುವೆ ರೈಫಲ್ ಹಿಡಿದು ಬೀದಿಗಿಳಿದ 17 ವರ್ಷದ ಹುಡುಗನಿಂದ ಇಬ್ಬರು ಸತ್ತರು. ಜ್ಯೂರಿ ಅವನನ್ನು ಬಿಟ್ಟಿತು. ಅಲ್ಲಿ ಮುಖ್ಯವಾದದ್ದು ಗುಂಡು ಹಾರಿದ ಕ್ಷಣಗಳು. ಕಾನೂನಿನ ಪ್ರಕಾರ ಸರಿಯಿರಬಹುದು. ನನಗೆ ಮಾತ್ರ ಇದು ಆರಂಭಿಕ ಶಿಲ್ಕನ್ನು ಬಿಟ್ಟು ಬರೆದ ಲೆಕ್ಕದಂತೆ ಕಾಣುತ್ತದೆ.

ಹಾಗಾದರೆ ಕೊಡಗಿನಲ್ಲಿ ಮನೆಮನೆಯಲ್ಲೂ ಕೋವಿ ಇದೆಯಲ್ಲ ಎಂದು ಕೇಳುವವರಿದ್ದಾರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ನಿರಾಯುಧೀಕರಣ ಕಾಯ್ದೆಯಿಂದ ಹೊರಗಿಟ್ಟ. 2029ರವರೆಗಿನ ಈಗಿನ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟು ಎತ್ತಿಹಿಡಿದದ್ದೂ ಅದೇ 2021ರ ಸೆಪ್ಟೆಂಬರ್‌ನಲ್ಲಿ. ಆದರೆ ಅದು ಲೈಸೆನ್ಸಿನಿಂದ ವಿನಾಯಿತಿ, ದಂಡಸಂಹಿತೆಯಿಂದಲ್ಲ. ಕೈಲ್ ಪೊಳ್ದಿಗೆ ಪೂಜೆಗೊಂಡು, ಪುತ್ತರಿಗೆ ಗುಂಡು ಹಾರಿಸುವ ಕೋವಿಗೆ ಅದರದೇ ಜಾಗ, ಅದರದೇ ದಿನ ಇದೆ. ಅದನ್ನೇ ಹಿಡಿದು ಅಕ್ರಮ ಕೂಟ ಸೇರಿದರೆ ಕೊಡವನಿಗೂ ಶಿಕ್ಷೆ ತಪ್ಪದು.

ಆ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. "ಬ್ಯಾಟನ್ನು ಡಿಕ್ಕಿಯಲ್ಲಿ ಇಡುವಾಗ ಯಾರ ಮುಖ ನೆನೆಸಿಕೊಳ್ತೀಯಪ್ಪ?" ಎಂದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಂದು ಹೆಸರು ಹೇಳಿದ. ಅವನ ಜೊತೆಯಲ್ಲೇ ಗೋಡೌನಿನಲ್ಲಿ ರಾತ್ರಿ ಪಾಳಿ ಮಾಡುವವನದು.