ಕ್ಲೀವ್ಡನ್ ಪಿಯರ್, 1869

ಪಕ್ಕಕ್ಕೆ ಬಾಗಿ ಕೆಳಗೆ ನೋಡಿ. ನೀರಿಗಿಳಿದಿರುವ ಈ ಸಪೂರ ಕಾಲುಗಳು ಅಸಲಿಗೆ ರೈಲು ಕಂಬಿಗಳು! ಮರದ ಸ್ಲೀಪರ್‌ಗಳ ಗೊಡವೆಯೇ ಬೇಡವೆಂದು ಬಾರ್ಲೊ ಎಂಬ ಎಂಜಿನಿಯರ್ ರೂಪಿಸಿದ ಈ ಅಗಲ ಕಂಬಿಗಳು ರೈಲ್ವೆಗೆ ಒಗ್ಗಲಿಲ್ಲ. ಪಿಯರ್ ಕಟ್ಟಿದ ಎಂಜಿನಿಯರ್‌ಗಳಾದ ಗ್ರೋವರ್ ಮತ್ತು ವಾರ್ಡ್ ಅವನ್ನೇ ಬೆನ್ನಿಗೆ ಬೆನ್ನು ಸೇರಿಸಿ, ರಿವೆಟ್ ಹೊಡೆದು ಕಂಬಗಳನ್ನಾಗಿಸಿದರು. ಎಸೆಯಬೇಕಾದ ಕಬ್ಬಿಣಕ್ಕೆ ಇದಕ್ಕಿಂತ ಚೆಂದದ ಮರುಬಳಕೆ ಇಂಗ್ಲೆಂಡಿನಲ್ಲಿ ಸಿಗುವುದು ಅಪರೂಪ.

ಬ್ರಿಸ್ಟಲ್ ಚಾನೆಲ್‌ನಲ್ಲಿ ಉಬ್ಬರವಿಳಿತದ ಅಂತರ ಸುಮಾರು 14 ಮೀಟರ್. ನೀರು ಯಾವ ಮಟ್ಟದಲ್ಲಿದ್ದರೂ ಹಡಗು ಹತ್ತಲೆಂದು ತುದಿಯ ಕಟ್ಟೆಗೆ ಹಲವು ಅಂತಸ್ತುಗಳಿವೆ. ಮೊದಲು ಈ ಪಿಯರ್ ಹಡಗಿನಲ್ಲಿ ವೇಲ್ಸ್‌ಗೆ ಹೋಗುವವರ ದಾರಿ. 1886ರಲ್ಲಿ ಸೆವರ್ನ್ ಸುರಂಗದಲ್ಲಿ ವೇಲ್ಸ್‌ಗೆ ರೈಲು ಓಡತೊಡಗಿದ ಮೇಲೆ ವಿಹಾರಕ್ಕೆ ಬರುವವರೇ ಗತಿಯಾದರು. ತುದಿಯಲ್ಲಿರುವ ಮಂಟಪ 1890ರ ದಶಕದ್ದು.

1970ರಲ್ಲಿ ವಿಮೆಗಾಗಿ ಭಾರ ಪರೀಕ್ಷೆ ನಡೆಸುವಾಗ ಎರಡು ಅಂಕಣಗಳು ಕುಸಿದು ಕಡಲಿಗೆ ಬಿದ್ದವು. ಕೆಡವಿಬಿಡುವ ಮಾತೂ ಬಂತು. ಊರಿನವರು ಪಟ್ಟು ಬಿಡಲಿಲ್ಲ, ಕವಿ ಜಾನ್ ಬೆಚಮನ್ ದನಿಗೂಡಿಸಿದರು. 1989ರಲ್ಲಿ ನಡಿಗೆಯ ದಾರಿ ಮತ್ತೆ ತೆರೆಯಿತು, 1998ರಲ್ಲಿ ತುದಿಯ ಕಟ್ಟೆಯೂ ಸಿದ್ಧವಾಯಿತು. ಬೆಂಚು, ಹಲಗೆಗಳ ಮೇಲಿನ ಪುಟ್ಟ ಹಿತ್ತಾಳೆ ತಗಡುಗಳಲ್ಲಿರುವುದು ಹಣ ಕೊಟ್ಟವರು ಬರೆಸಿದ ಹೆಸರುಗಳು.