ಬಾಡಿಗೆ ಮನೆಗಳಲ್ಲಿ ನೀರಿನ ಕೊಳವೆ ಹೆಪ್ಪುಗಟ್ಟುವಿಕೆ (ಇಂಗ್ಲೆಂಡ್)

ಚಳಿಗಾಲದಲ್ಲಿ ಮನೆಯ ಕೊಳವೆಗಳಲ್ಲಿರುವ ನೀರು ಮಂಜುಗಡ್ಡೆಯಾಗಿ ಹರಿವು ಕಟ್ಟಿಹೋಗುವುದನ್ನು ಕೊಳವೆ ಹೆಪ್ಪುಗಟ್ಟುವಿಕೆ ಎನ್ನುತ್ತಾರೆ. ಇಂಗ್ಲೆಂಡಿನಂತಹ ಶೀತ ದೇಶಗಳಲ್ಲಿ ಇದು ಸಾಮಾನ್ಯ ಸಮಸ್ಯೆ. ಬಾಡಿಗೆ ಮನೆಯಲ್ಲಿ ಕೊಳವೆ ಒಡೆದರೆ ನಷ್ಟವನ್ನು ಯಾರು ಭರಿಸಬೇಕೆಂಬ ಪ್ರಶ್ನೆಯೂ ಏಳುವುದರಿಂದ, ಮುನ್ನೆಚ್ಚರಿಕೆಯ ಜೊತೆಗೆ ಮಾಲೀಕ ಹಾಗೂ ಬಾಡಿಗೆದಾರರ ಹೊಣೆಗಳೂ ಇಲ್ಲಿ ಮುಖ್ಯವಾಗುತ್ತವೆ.

ಕಾರಣಗಳು

ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಕೊಳವೆ ಬಿರಿಯುತ್ತದೆ, ಇಲ್ಲವೇ ಅದರ ಜೋಡಣೆ ಕಳಚಿಕೊಳ್ಳುತ್ತದೆ. ಗಡ್ಡೆಯು ಬಿರಡೆಯಂತೆ ಅಡ್ಡ ನಿಂತಿರುವವರೆಗೆ ಸೋರಿಕೆ ಕಾಣದಿರಬಹುದು. ಅದು ಕರಗಿದ ಮೇಲೆ ನೀರು ಹೊರನುಗ್ಗುತ್ತದೆ. 2010ರ ಡಿಸೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಕ್ಯಾಸಲ್‌ಡರ್ಗ್‌ನಲ್ಲಿ ಉಷ್ಣಾಂಶ ಮೈನಸ್ 18.7 ಡಿಗ್ರಿಗೆ ಇಳಿಯಿತು. ಚಳಿ ತಗ್ಗಿ ಹಿಮ ಕರಗಿದಾಗ ಅಲ್ಲಿ ಅಸಂಖ್ಯ ಕೊಳವೆಗಳು ಸೋರಿ, ಸಾವಿರಾರು ಮನೆಗಳಿಗೆ ನೀರಿಲ್ಲದಂತಾಯಿತು.

ಅಟ್ಟ, ಗ್ಯಾರೇಜು, ನೆಲಹಾಸಿನ ಅಡಿ ಮತ್ತು ಹೊರಗೋಡೆಗೆ ತಾಗಿದ ಕೊಳವೆಗಳಿಗೆ ಅಪಾಯ ಹೆಚ್ಚು. ಅಟ್ಟದ ನೆಲಕ್ಕೆ ಉಷ್ಣನಿರೋಧಕವನ್ನು ಹಾಸಿದ್ದರೆ ಕೋಣೆಗಳ ಶಾಖ ಮೇಲೇರದೆ ಅಟ್ಟ ಇನ್ನಷ್ಟು ತಣ್ಣಗಾಗುತ್ತದೆ.

ಮುನ್ನೆಚ್ಚರಿಕೆ

* ತೆರೆದ ಕೊಳವೆಗಳಿಗೆ ಮತ್ತು ಅಟ್ಟದ ನೀರಿನ ತೊಟ್ಟಿಗೆ ಫೋಮ್ ಹೊದಿಕೆ ಹಾಕುವುದು.
* ತೀವ್ರ ಚಳಿಯಿರುವಾಗ ಮನೆಯ ಹೀಟಿಂಗನ್ನು ರಾತ್ರಿಯೂ ಕಡಿಮೆ ಮಟ್ಟದಲ್ಲಿ ಚಾಲನೆಯಲ್ಲಿಡುವುದು.
* ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ, ಸುಲಭವಾಗಿ ತಿರುಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳುವುದು. ಸಾಮಾನ್ಯವಾಗಿ ಇದು ಅಡುಗೆಮನೆಯ ಸಿಂಕಿನ ಕೆಳಗಿರುತ್ತದೆ.
* ಹೆಚ್ಚು ದಿನ ಊರಿಗೆ ಹೋಗುವಾಗ ಮಾಲೀಕರಿಗೆ ತಿಳಿಸಿ, ಅವರ ಸೂಚನೆಯಂತೆ ನೀರು ನಿಲ್ಲಿಸಿ ಕೊಳವೆಗಳನ್ನು ಬರಿದು ಮಾಡುವುದು.

ಡಿಸೆಂಬರ್ ರಜೆಯಲ್ಲಿ ತಾಯ್ನಾಡಿಗೆ ಮರಳುವ ಭಾರತೀಯ ವಿದ್ಯಾರ್ಥಿಗಳ ಬಾಡಿಗೆ ಮನೆಗಳು ವಾರಗಟ್ಟಲೆ ಖಾಲಿ ಇರುವುದರಿಂದ ಕೊನೆಯ ಅಂಶ ಅವರಿಗೆ ವಿಶೇಷವಾಗಿ ಅನ್ವಯಿಸುತ್ತದೆ.

ಕಾನೂನಿನ ಹೊಣೆ

1985ರ ಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆಯ 11ನೇ ಕಲಮಿನ ಪ್ರಕಾರ, 7 ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಗಳಲ್ಲಿ ನೀರು ಪೂರೈಕೆ ಮತ್ತು ಹೀಟಿಂಗ್ ವ್ಯವಸ್ಥೆಗಳ ದುರಸ್ತಿ ಮಾಲೀಕರದು. ಬಾಡಿಗೆದಾರರು ಮನೆಯನ್ನು ಜವಾಬ್ದಾರಿಯಿಂದ ಬಳಸದ ಕಾರಣ ಆದ ಹಾನಿ ಇದರಲ್ಲಿ ಸೇರುವುದಿಲ್ಲ. ಈ ಜವಾಬ್ದಾರಿ ಎಂಥದೆಂಬುದನ್ನು 1953ರ ವಾರನ್ ವಿರುದ್ಧ ಕೀನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ವಿವರಿಸಿದರು: ಚಳಿಗಾಲಕ್ಕೆ ಮನೆ ಬಿಟ್ಟು ಹೋಗುವ ಬಾಡಿಗೆದಾರರು ನೀರು ನಿಲ್ಲಿಸಿ, ಬಾಯ್ಲರ್ ಬರಿದು ಮಾಡಬೇಕು.

ಅಲ್ಪಾವಧಿಯ ಗೈರುಹಾಜರಿಯ ವಿಷಯ ಬೇರೆ. 1982ರ ವೈಕೂಂಬ್ ಆರೋಗ್ಯ ಪ್ರಾಧಿಕಾರ ವಿರುದ್ಧ ಬಾರ್ನೆಟ್ ಪ್ರಕರಣದಲ್ಲಿ, ಒಂದೆರಡು ರಾತ್ರಿ ಮನೆಯಲ್ಲಿಲ್ಲದ ಬಾಡಿಗೆದಾರರನ್ನು ಮೇಲ್ಮನವಿ ನ್ಯಾಯಾಲಯವು ಹೊಣೆ ಮಾಡಲಿಲ್ಲ. ಚಳಿಯ ತೀವ್ರತೆ, ಗೈರುಹಾಜರಿಯ ಅವಧಿ ಮುಂತಾದ ಸಂದರ್ಭಗಳನ್ನು ನೋಡಿ ತೀರ್ಮಾನಿಸಬೇಕೆಂಬುದು ಅದರ ನಿಲುವು. ಕೊಳವೆಗೆ ಹೊದಿಕೆ ಹಾಕಿಸುವುದು ಮಾಲೀಕರ ದುರಸ್ತಿ ಹೊಣೆಯೊಳಗೆ ಬರುವುದಿಲ್ಲವೆಂದೂ ಅದೇ ತೀರ್ಪು ಹೇಳಿತು. ಹೀಗಾಗಿ ಹೊದಿಕೆ ಯಾರು ಹಾಕಿಸಬೇಕೆಂಬುದನ್ನು ಚಳಿಗಾಲಕ್ಕೆ ಮೊದಲೇ ಇಬ್ಬರೂ ಮಾತಾಡಿ ಬರಹದಲ್ಲಿ ಗೊತ್ತುಮಾಡಿಕೊಳ್ಳದಿದ್ದರೆ, ಆ ಕೆಲಸ ಯಾರ ಪಾಲಿಗೂ ಬಾರದೆ ಉಳಿಯುವ ಸಂಭವವಿದೆ.

ಮನೆಯೊಳಗಿನ ದೋಷ ಮಾಲೀಕರ ಗಮನಕ್ಕೆ ಬಂದ ನಂತರವೇ ಅವರ ದುರಸ್ತಿ ಹೊಣೆ ಆರಂಭವಾಗುತ್ತದೆ ಎಂದು 1973ರಲ್ಲಿ ಓಬ್ರಿಯನ್ ವಿರುದ್ಧ ರಾಬಿನ್ಸನ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿದೆ. ಆದುದರಿಂದ ದೂರನ್ನು ತಡಮಾಡದೆ ಲಿಖಿತವಾಗಿ ನೀಡುವುದು ಸೂಕ್ತ.

ಹೆಪ್ಪುಗಟ್ಟಿದಾಗ

ಮೊದಲು ಮುಖ್ಯ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದಿಡಬೇಕು. ಬಿಸಿನೀರಿನ ಚೀಲ ಅಥವಾ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ನಲ್ಲಿಗೆ ಹತ್ತಿರದ ತುದಿಯಿಂದ ಆರಂಭಿಸಿ ಕೊಳವೆಯನ್ನು ನಿಧಾನವಾಗಿ ಬೆಚ್ಚಗಾಗಿಸಬೇಕು. ಬೆಂಕಿಯ ಜ್ವಾಲೆಯನ್ನು ಎಂದಿಗೂ ಬಳಸಬಾರದು. ಕೊಳವೆ ಈಗಾಗಲೇ ಒಡೆದಿದ್ದರೆ ನೀರಿನ ಜೊತೆಗೆ ಹೀಟಿಂಗನ್ನೂ ನಿಲ್ಲಿಸಿ, ನೆನೆದ ವಿದ್ಯುತ್ ಉಪಕರಣಗಳನ್ನು ಮುಟ್ಟದೆ, ಮಾಲೀಕರಿಗೆ ಕೂಡಲೇ ತಿಳಿಸಬೇಕು.