ಜಾವಾ–ಯೆಜ್ಡಿ ಬಿಡಿಭಾಗಗಳ ಮನೆ ತಯಾರಿಕೆ

ತಯಾರಿಕೆ ನಿಂತುಹೋದ ಮೋಟಾರ್‌ಸೈಕಲ್‌ಗಳ ಬಿಡಿಭಾಗಗಳನ್ನು ಹವ್ಯಾಸಿಗಳು ಮನೆಯ ಶೆಡ್ಡಿನಲ್ಲೇ ಚಿಕ್ಕ ಲೇತ್ ಇಟ್ಟುಕೊಂಡು ಕಡೆದುಕೊಳ್ಳುವ ಕೆಲಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಇದು ಅನಿವಾರ್ಯವೂ ಆಯಿತು, ಗೀಳೂ ಆಯಿತು.

ಹೆಚ್ಚಾಗಿ ಮಾಡುವುದು ಬುಷ್‌ಗಳನ್ನು, ಅಂದರೆ ಪಿನ್ನಿಗೆ ಆಸರೆಯಾಗುವ ಲೋಹದ ಕೊಳವೆಗಳನ್ನು. ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಬುಷ್ ಸವೆದರೆ ಎಂಜಿನ್ ಕಟಕಟ ಎನ್ನತೊಡಗುತ್ತದೆ. ಹೊಸದನ್ನು ಫಾಸ್ಫರ್ ಬ್ರಾಂಜ್ ಸರಳಿನಿಂದ ಕಡೆಯಬೇಕು. ಅಗ್ಗವೆಂದು ಹಿತ್ತಾಳೆ ಹಾಕಿದರೆ ಬೇಗ ಸವೆಯುತ್ತದೆ. ಹೊರಸುತ್ತನ್ನು ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪ ಬಿಟ್ಟು, ವೈಸ್‌ನಲ್ಲಿ ಒತ್ತಿ ಕೂರಿಸುತ್ತಾರೆ. ಒತ್ತಿದಾಗ ಒಳಸುತ್ತು ಕಿರಿದಾಗುವುದರಿಂದ ಪಿಸ್ಟನ್ ಪಿನ್ನಿನ ಅಳತೆಗೆ ರೀಮರ್ (ರಂಧ್ರ ಹಿಗ್ಗಿಸುವ ಉಪಕರಣ) ಆಡಿಸುವುದು ಆಮೇಲೆಯೇ. ಎಣ್ಣೆಯ ತೂತು ಮರೆಯುವಂತಿಲ್ಲ: ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಆ ದಾರಿಯಿಂದ ಪಿನ್ನಿಗೆ ತಲುಪಬೇಕು.

ಸವೆದ ಭಾಗವನ್ನೇ ಅಳೆದು ನಕಲು ಮಾಡುವುದು ಹೊಸಬರ ತಪ್ಪು, ಸವೆತವೂ ನಕಲಾಗುತ್ತದೆ. ಸವೆಯದ ಅಂಚನ್ನು ಹುಡುಕಿ ಮೈಕ್ರೊಮೀಟರ್ ಹಿಡಿಯಬೇಕು. ತಿರುಪು ಕಡೆಯುವಾಗ ಅದರ ಮರೆಯ (ಥ್ರೆಡ್) ಅಳತೆಯನ್ನೂ ನೋಡಬೇಕು. ಜಾವಾದ ಮರೆಗಳು ಮೆಟ್ರಿಕ್ ಅಳತೆಯವು. ಹಳೆಯ ಬ್ರಿಟಿಷ್ ಗಾಡಿಗಳಲ್ಲಾದರೋ 55 ಡಿಗ್ರಿ ಕೋನದ ವಿಟ್‌ವರ್ತ್ ಮರೆ, ಇಂಚಿಗೆ 26 ಸುತ್ತಿನ ಸೈಕಲ್ ಮರೆ ಎರಡೂ ಒಂದೇ ಗಾಡಿಯಲ್ಲಿ ಸಿಗುವುದುಂಟು.